ಹಸಿ ಕಸದ ಗ್ಯಾಸ್ ಘಟಕಕ್ಕೆ ಪುರಸಭೆ ದುಡ್ಡು ಹಾಕಬಹುದೇ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಪುರಸಭೆ ಸದಸ್ಯೆ. ಊರಿನ ಜನಸಂಖ್ಯೆ 40 ಸಾವಿರದ ಆಸುಪಾಸು. ಕಸವೆಲ್ಲ ಊರಾಚೆಯ ಡಂಪಿಂಗ್ ಯಾರ್ಡಿಗೆ ಹೋಗುತ್ತದೆ. ವಾಸನೆ, ನೊಣ ತಾಳಲಾರದೆ ಪಕ್ಕದ ಹಳ್ಳಿಯವರು ಗಾಡಿಗಳನ್ನು ತಡೆದದ್ದೂ ಆಗಿದೆ. ಈಗ ಅದೇ ಯಾರ್ಡಿನಲ್ಲಿ ದಿನಕ್ಕೆ 5 ಟನ್ ಹಸಿ ಕಸದಿಂದ ಗ್ಯಾಸ್ ತೆಗೆಯುವ ಘಟಕದ ಪ್ರಸ್ತಾವ ಸಾಮಾನ್ಯ ಸಭೆಗೆ ಬರುತ್ತಿದೆ. ಗ್ಯಾಸ್, ಗೊಬ್ಬರ ಮಾರಿದರೆ ನಾಲ್ಕೈದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತದೆ ಎಂದು ಕಂಪನಿಯವರು ಹೇಳುತ್ತಾರೆ. ಒಪ್ಪದಿದ್ದರೆ ಅನುದಾನ ವಾಪಸ್ ಹೋಗುತ್ತದೆ ಎಂದು ಕಚೇರಿಯವರು ಹೆದರಿಸುತ್ತಾರೆ. ನಾನು ಕೈ ಎತ್ತಲೋ ಬೇಡವೋ?

ಉತ್ತರ: ಮೇಡಂ, ಹಸಿ ಕಸ ಯಾರ್ಡಿಗೆ ಹೋಗದಂತೆ ಮಾಡಲು ಪುರಸಭೆ ದುಡ್ಡು ಹಾಕಲೇಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಈ ಘಟಕಕ್ಕೆ, ಈ ಅಳತೆಯಲ್ಲಿ, ಈ ವರ್ಷ ಕೈ ಎತ್ತಬೇಡಿ. ಆ ದುಡ್ಡು ಮೊದಲು ಹೋಗಬೇಕಾದ ಜಾಗ ಬೇರೆ ಇದೆ. ಸಭೆಯಲ್ಲಿ ನಿಮಗೆ ಲೆಕ್ಕ ಬೇಕಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

5 ಟನ್ ಎಂಬ ಅಂಕಿ ಎಲ್ಲಿಂದ ಬಂತು ನೋಡೋಣ. ನಿಮ್ಮ ಗಾತ್ರದ ಊರಿಗೆ ತಲೆಗೆ ದಿನಕ್ಕೆ 300 ಗ್ರಾಂ ಕಸ ಹಿಡಿದರೆ 40 ಸಾವಿರ ಜನಕ್ಕೆ 12 ಟನ್ ಆಗುತ್ತದೆ. ಅದರಲ್ಲಿ ಅರ್ಧ ಹಸಿ ಕಸ ಎಂದರೆ 6 ಟನ್. ಸ್ವಲ್ಪ ಬಿಟ್ಟು 5 ಟನ್ನಿಗೆ ಘಟಕ. ಡಿಪಿಆರ್, ಅಂದರೆ ಯೋಜನೆಯ ವಿವರವಾದ ವರದಿ, ಬರೆದವರು ಬಹುತೇಕ ಹೀಗೇ ಮಾಡಿರುತ್ತಾರೆ, ಕಾಗದದ ಮೇಲೆ ತಪ್ಪು ಕಾಣುವುದಿಲ್ಲ. ಆದರೆ ಗಾಡಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದ್ದಾರೆಯೇ ಎಂದು ಕೇಳಿ. ಸಣ್ಣ ಊರುಗಳಲ್ಲಿ ಹಸಿ ಕಸಕ್ಕೆ ಹಳೆಯ ವಾರಸುದಾರರಿರುತ್ತಾರೆ. ಹಸು ಕಟ್ಟಿದವರು ಅಕ್ಕಪಕ್ಕದ ಮನೆಗಳ ಕಲಗಚ್ಚು, ತರಕಾರಿ ಸಿಪ್ಪೆ ಒಯ್ಯುತ್ತಾರೆ. ಹೋಟೆಲಿನ ಮುಸುರೆಯನ್ನು ಹಂದಿ ಸಾಕುವವರು ಡ್ರಮ್ಮಿಗೆ ಸುರಿದುಕೊಂಡು ಹೋಗುತ್ತಾರೆ. ಸಂತೆ ಮುಗಿದ ಮೇಲೆ ಉಳಿದ ಎಲೆಕೋಸಿನ ಎಲೆಗೆ ಬೀದಿ ದನಗಳೇ ಕಾದಿರುತ್ತವೆ. ಹಿತ್ತಿಲಿದ್ದವರು ತೆಂಗಿನ ಬುಡಕ್ಕೆ ಹಾಕುತ್ತಾರೆ. ಇಷ್ಟೆಲ್ಲ ಕಳೆದು ಆಟೋ ಟಿಪ್ಪರಿಗೆ ಬೀಳುವುದು ಎಷ್ಟೋ ಅದೇ ನಿಮ್ಮ ನಿಜವಾದ ಅಂಕಿ. ಅದು 6 ಟನ್ ಆಗಿರುವ ಸಾಧ್ಯತೆ ಬಹಳ ಕಡಿಮೆ. ಈ ವಾರಸುದಾರರು ಪುಕ್ಕಟೆಯಾಗಿ ಮಾಡುತ್ತಿರುವ ಕೆಲಸಕ್ಕೆ ಕೋಟಿ ಖರ್ಚು ಮಾಡಿ ನಾವೇ ಪೈಪೋಟಿಗೆ ನಿಲ್ಲುವುದು ಜಾಣತನವಲ್ಲ.

ಇನ್ನು ಬಿದ್ದದ್ದರ ಗುಣ. ಒಂದು ಬೆಳಿಗ್ಗೆ ಯಾರ್ಡಿಗೆ ಹೋಗಿ, ಹಸಿ ಕಸ ಎಂದು ಬಂದ ಗಾಡಿಯೊಂದನ್ನು ಟಾರ್ಪಾಲಿನ ಮೇಲೆ ಸುರಿಸಿ ನೋಡಿ. ಗಂಟು ಹಾಕಿದ ಕವರ್ ಬಿಚ್ಚಿದರೆ ಹಳಸಿದ ಅನ್ನ, ಸಾರು. ಅದರ ಜೊತೆಗೇ ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಶಾಂಪೂ ಸ್ಯಾಶೆ, ಬಾಚಣಿಗೆಯಿಂದ ತೆಗೆದ ಕೂದಲು, ಒಂದು ಡೈಪರ್. ತೆಂಗಿನ ಚಿಪ್ಪು, ಎಳನೀರು ಬುರುಡೆ, ಮೂಳೆ, ಮಾವಿನ ಓಟೆ, ದೇವರಿಗೆ ಹಾಕಿ ತೆಗೆದ ಹಾರ. ಹಾಲಿನ ಪ್ಯಾಕೆಟ್ಟಿನ ಆ ಮೂಲೆ ಉಗುರಿನಷ್ಟೇ ದೊಡ್ಡದು, ಪೌರಕಾರ್ಮಿಕರು ಎಷ್ಟು ಆರಿಸಿದರೂ ಕಣ್ಣು ತಪ್ಪುತ್ತದೆ. ಅದು ಕಸ ಅರೆಯುವ ಕ್ರಷರ್ ದಾಟಿ ಡೈಜೆಸ್ಟರಿನೊಳಗೆ, ಅಂದರೆ ಕಸ ಕೊಳೆತು ಗ್ಯಾಸ್ ಹುಟ್ಟುವ ಟ್ಯಾಂಕಿನೊಳಗೆ, ಹೋಗಿ ಮೇಲೆ ತೇಲುತ್ತದೆ. ತಿಂಗಳುಗಟ್ಟಲೆ ಹೀಗೆ ಸೇರಿ, ಎಣ್ಣೆ ಜಿಡ್ಡಿನ ಜೊತೆ ಗಟ್ಟಿ ಪದರ ಕಟ್ಟಿ, ಗ್ಯಾಸ್ ಮೇಲೇಳದಂತೆ ಮುಚ್ಚಿಬಿಡುತ್ತದೆ. ಹಾರದ ದಾರ ಪಂಪಿನ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಚಿಪ್ಪು, ಮೂಳೆಗೆ ಕ್ರಷರಿನ ಹಲ್ಲು ಹೋಗುತ್ತದೆ. ಗ್ಯಾಸ್ ಘಟಕಗಳು ಕೆಟ್ಟು ಕೂರುವುದು ಇಂಥ ಪುಡಿ ಸಂಗತಿಗಳಿಂದ. ರಿಪೇರಿಗೆ ಹದಿನೈದು ಸಾವಿರ ಬೇಕು, ಅದಕ್ಕೆ ಕೊಟೇಶನ್, ಮಂಜೂರಾತಿ, ಬಿಲ್ಲು ಎಂದು ಎರಡು ತಿಂಗಳು. ಅಷ್ಟರಲ್ಲಿ ಒಳಗಿದ್ದ ಬ್ಯಾಕ್ಟೀರಿಯ ಹಸಿವಿನಿಂದ ಸೊರಗಿರುತ್ತವೆ, ಕಸ ಮತ್ತೆ ಯಾರ್ಡಿನ ದಾರಿ ಹಿಡಿದಿರುತ್ತದೆ.

ಬೆಂಗಳೂರಿನ ಕಥೆ ನಿಮಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ, ಸಭೆಯಲ್ಲಿ ಉದಾಹರಣೆಗೆ ಬೇಕಾಗುತ್ತದೆ. 2012ರಲ್ಲಿ ಮಾವಳ್ಳಿಪುರದ ಯಾರ್ಡ್ ಮುಚ್ಚಿದಾಗ ನಗರದ ಬೀದಿಬೀದಿಯಲ್ಲಿ ಕಸ ರಾಶಿ ಬಿತ್ತು. ಆ ಹೊರೆ ಮಂಡೂರಿನ ತಲೆಗೆ ಹೋಯಿತು. 2014ರಲ್ಲಿ ಮಂಡೂರಿನವರು ಲಾರಿಗಳಿಗೆ ಅಡ್ಡ ನಿಂತರು, ಆ ವರ್ಷದ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ಆ ವರ್ಷಗಳಲ್ಲಿ ಪಾಲಿಕೆ ವಾರ್ಡ್ ಮಟ್ಟದಲ್ಲಿ ಹತ್ತಕ್ಕೂ ಹೆಚ್ಚು ಜೈವಿಕ ಅನಿಲ ಘಟಕಗಳನ್ನು ಕಟ್ಟಿಸಿತು. ಹೆಚ್ಚಿನವು ನಿಮಗೆ ಈಗ ಹೇಳುತ್ತಿರುವ ಅಳತೆಯವೇ, ದಿನಕ್ಕೆ 5 ಟನ್. ಹಸಿ ಕಸದಿಂದ ಕರೆಂಟು, ಅದರಿಂದ ಬೀದಿದೀಪ, ಪಾರ್ಕಿನ ದೀಪ ಎಂಬುದು ಆಗಿನ ಮಾತು. ಕೆಲವು ಉರಿದವು ಕೂಡ. ಆದರೆ ಕೆಲವೇ ವರ್ಷಗಳಲ್ಲಿ ಬಹುಪಾಲು ಘಟಕಗಳು ನಿಂತವು ಅಥವಾ ಕುಂಟುತ್ತ ನಡೆದವು. ಶುದ್ಧ ಹಸಿ ಕಸ ಸಿಗಲಿಲ್ಲ, ನಿರ್ವಹಣೆಯ ದುಡ್ಡು ಸಕಾಲಕ್ಕೆ ಬರಲಿಲ್ಲ, ಅಕ್ಕಪಕ್ಕದವರು ವಾಸನೆಗೆ ತಕರಾರು ತೆಗೆದರು. ತಂತ್ರಜ್ಞಾನ ಸುಳ್ಳಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರು, ಅಷ್ಟೇ. ಒಣ ಕಸ, ಹಸಿ ಕಸ ಬೇರೆ ಕೊಡಬೇಕು, ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಂದು ಚೀಲ ಎಂಬ ಪದ್ಧತಿಯನ್ನು ಹೈಕೋರ್ಟ್ ಇಡೀ ನಗರಕ್ಕೆ ಅನ್ವಯಿಸಿದ್ದು 2015ರ ಡಿಸೆಂಬರಿನಲ್ಲಿ. ಘಟಕಗಳಲ್ಲಿ ಹಲವು ಅದಕ್ಕೂ ಮೊದಲೇ ಕಟ್ಟಿದಂಥವು.

ಈಗ ‘ದುಡ್ಡು ವಾಪಸ್ ಬರುತ್ತದೆ’ ಎಂಬ ಮಾತಿಗೆ ಬರೋಣ. ಇದೇ ನನಗೆ ಹೆಚ್ಚು ಸಿಟ್ಟು ತರಿಸುವ ಮಾತು.

ನಿಮ್ಮ ಊರಿನಲ್ಲಿ ಘಟಕಕ್ಕೆ ನಿಜವಾಗಿ ಯೋಗ್ಯವಾದ ಹಸಿ ಕಸ ದಿನಕ್ಕೆ 2.5 ಟನ್ ಸಿಕ್ಕಿತು ಎನ್ನಿ. ಒಂದು ಟನ್ ಆಹಾರ ತ್ಯಾಜ್ಯದಿಂದ ಸುಮಾರು 100 ಘನ ಮೀಟರ್ ಜೈವಿಕ ಅನಿಲ ಬರುತ್ತದೆ, ಎಲ್ಲ ಸರಿಯಿದ್ದರೆ. ಅಂದರೆ 250 ಘನ ಮೀಟರ್. ಒಂದು ಘನ ಮೀಟರ್ ಸುಮಾರು 0.45 ಕೆ.ಜಿ. ಎಲ್‌ಪಿಜಿಗೆ ಸಮ. ಹೋಟೆಲಿನವರು ಬಳಸುವ 19 ಕೆ.ಜಿ. ಸಿಲಿಂಡರಿನ ಲೆಕ್ಕದಲ್ಲಿ ದಿನಕ್ಕೆ ಆರು ಸಿಲಿಂಡರ್. ಸಿಲಿಂಡರಿಗೆ 1,800 ರೂಪಾಯಿ ಹಿಡಿದರೆ 10,800 ರೂಪಾಯಿ. ಕಂಪನಿಯವರು ತೋರಿಸುವುದು ಈ ಅಂಕಿಯನ್ನು. ಆದರೆ ಈ ಗ್ಯಾಸನ್ನು ಸಿಲಿಂಡರಿಗೆ ತುಂಬಬೇಕಾದರೆ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ತೆಗೆದು, ಮೀಥೇನನ್ನು 90 ಶೇಕಡಕ್ಕೆ ಏರಿಸಿ, ಒತ್ತಡದಲ್ಲಿ ತುಂಬಬೇಕು. ಆ ಯಂತ್ರಗಳಿಗೆ ಇಷ್ಟು ಸಣ್ಣ ಘಟಕದಲ್ಲಿ ಕೈಗೆಟುಕುವ ಲೆಕ್ಕವೇ ಇಲ್ಲ. ಪೈಪಿನಲ್ಲಿ ಕೊಡಬಹುದು, ಕೆಲವು ನೂರು ಮೀಟರಿನೊಳಗೆ ದೊಡ್ಡ ಅಡುಗೆಮನೆ ಇದ್ದರೆ. ನಿಮ್ಮ ಪ್ರಸ್ತಾವದಲ್ಲಿ ಘಟಕ ಇರುವುದು ಯಾರ್ಡಿನಲ್ಲಿ. ಅಲ್ಲಿ ಗ್ಯಾಸ್ ಉರಿಸುವವರು ಯಾರು? ಹಾಗಾಗಿ ಕೊನೆಗೆ ಜನರೇಟರಿಗೇ ಬಂದು ನಿಲ್ಲುತ್ತಾರೆ. ಘನ ಮೀಟರಿಗೆ ಒಂದೂವರೆ ಯೂನಿಟ್ ಎಂದರೆ 375 ಯೂನಿಟ್, ಯೂನಿಟ್ಟಿಗೆ 7 ರೂಪಾಯಿಯಂತೆ ಸುಮಾರು 2,600 ರೂಪಾಯಿ. ಅದರಲ್ಲೇ ಕ್ರಷರಿಗೆ, ಪಂಪಿಗೆ ಕರೆಂಟು ಹೋಗಬೇಕು. ಸಲ್ಫೈಡ್ ತೆಗೆಯುವ ಫಿಲ್ಟರ್ ಬದಲಿಸದಿದ್ದರೆ ಎಂಜಿನ್ನು ಒಳಗಿಂದ ಸವೆದು ಹಾಳಾಗುತ್ತದೆ.

ಖರ್ಚಿನ ಕಡೆ ನೋಡಿ. ಆರಿಸಲು, ಹಾಕಲು, ಯಂತ್ರ ನೋಡಿಕೊಳ್ಳಲು ಕಡಿಮೆಯೆಂದರೆ ಐದು ಜನ ಬೇಕು. ಪಿಎಫ್, ಇಎಸ್‌ಐ ಸೇರಿ ತಲೆಗೆ ದಿನಕ್ಕೆ 700 ರೂಪಾಯಿ ಹಿಡಿದರೂ 3,500. ಅಲ್ಲಿಗೇ ಕರೆಂಟಿನ ಆದಾಯ ಮುಗಿಯಿತು. ರಿಪೇರಿ ಇನ್ನೂ ಬಾಕಿ. ಹಸಿ ಕಸ ನಿರ್ವಹಣೆ ಎಂಬುದು ಚರಂಡಿ ಸ್ವಚ್ಛ ಮಾಡಿಸಿದ ಹಾಗೆ ಪುರಸಭೆಯ ಸೇವೆ, ಅದಕ್ಕೆ ಪ್ರತಿದಿನ ಖರ್ಚಿದೆ. ಲಾಭ ಬರುತ್ತದೆ ಎಂದು ನಂಬಿ ಬಜೆಟ್ಟಿನಲ್ಲಿ ನಿರ್ವಹಣೆಗೆ ಸೊನ್ನೆ ಬರೆದುಕೊಂಡ ಊರುಗಳಲ್ಲೇ ಘಟಕಗಳು ಮೊದಲು ನಿಲ್ಲುವುದು.

ಆದರೆ ಇನ್ನೊಂದು ಲೆಕ್ಕವನ್ನು ಕಂಪನಿಯವರೂ ಹೇಳುವುದಿಲ್ಲ, ಕಚೇರಿಯವರೂ ಹೇಳುವುದಿಲ್ಲ. ಯಾರ್ಡಿಗೆ ಹೋಗದೆ ಉಳಿದ ಕಸದಿಂದ ಪುರಸಭೆಗೆ ಉಳಿಯುವ ಖರ್ಚು. ಡೀಸೆಲ್ಲು, ಜೆಸಿಬಿ ಬಾಡಿಗೆ, ಮಣ್ಣು ಮುಚ್ಚುವ ಖರ್ಚು ಒಂದು ಕಡೆ. ಮುಂದೆ ಆ ಗುಡ್ಡವನ್ನು ಅಗೆದು ಜರಡಿ ಹಿಡಿದು ತೆಗೆಸುವ ಖರ್ಚು ಇನ್ನೊಂದು ಕಡೆ. ಹಳೆಯ ಕಸ ಕರಗಿಸಲು ಟನ್ನಿಗೆ ಐದಾರು ನೂರು ರೂಪಾಯಿ ಹಿಡಿದು ಯೋಜನೆಗಳು ನಡೆಯುತ್ತಿವೆ. ಎಂದರೆ ಇವತ್ತು ಎಸೆದದ್ದಕ್ಕೆ ಮುಂದೆ ಇನ್ನೊಮ್ಮೆ ದುಡ್ಡು ಕೊಡುತ್ತೀರಿ. ಒಣ ಕಸ ಮಾತ್ರ ಬಿದ್ದ ಯಾರ್ಡು ನಾರುವುದಿಲ್ಲ, ಕಪ್ಪು ರಸ ಬಿಡುವುದಿಲ್ಲ. ಹಳ್ಳಿಯವರ ಬಾವಿಗೆ ಇಳಿಯುವುದು, ನೊಣಕ್ಕೆ ಕಾರಣ, ಮೀಥೇನ್ ಹುಟ್ಟಿ ತಾನಾಗಿ ಬೆಂಕಿ ಹತ್ತುವುದು ಎಲ್ಲವೂ ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದಲೇ. ಆ ಮೀಥೇನು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಅದು ಜಗತ್ತಿನ ಲೆಕ್ಕ, ನಿಮ್ಮ ಸಭೆಗೆ ಬಾವಿಯ ಲೆಕ್ಕವೇ ಸಾಕು. ಹೂಡಿಕೆಯನ್ನು ಸಮರ್ಥಿಸಬೇಕಾದದ್ದು ಈ ಲೆಕ್ಕದಿಂದ, ಗ್ಯಾಸ್ ಮಾರಾಟದಿಂದಲ್ಲ.

ಘಟಕದ ಚಿತ್ರದಲ್ಲಿ ಕಾಣದ ಇನ್ನೊಂದು ವಸ್ತು ಸ್ಲರಿ. ಹಸಿ ಕಸ ಅರೆದು, ಸರಿಸುಮಾರು ಅಷ್ಟೇ ನೀರು ಬೆರೆಸಿ ಒಳಗೆ ಬಿಟ್ಟರೆ, ಗ್ಯಾಸ್ ಹೋಗಿ ಉಳಿದದ್ದು ಬಹುತೇಕ ಅಷ್ಟೇ ಪ್ರಮಾಣದ ತೆಳ್ಳನೆ ದ್ರವ. 5 ಟನ್ ಹಾಕಿದರೆ ಪ್ರತಿದಿನ ಹತ್ತಿರ ಹತ್ತಿರ 10 ಸಾವಿರ ಲೀಟರ್. ರೈತರು ಒಯ್ಯುತ್ತಾರೆ ಎಂದು ಡಿಪಿಆರಿನಲ್ಲಿ ಒಂದು ಸಾಲು ಇರುತ್ತದೆ. ಒಳ್ಳೆಯ ಗೊಬ್ಬರವೇ ಅದು, ಆದರೆ ಮಳೆಗಾಲದಲ್ಲಿ ಟ್ಯಾಂಕರು ಹೊಲಕ್ಕೆ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಬೆಳೆಯೇ ಇರುವುದಿಲ್ಲ. ಆಗ ಯಾರಿಗೂ ಹೇಳದೆ ಹಳ್ಳಕ್ಕೆ ಬಿಡುತ್ತಾರೆ. ಇದು ನಮ್ಮ ಊರುಗಳ ದೌರ್ಬಲ್ಯ ಮಾತ್ರವಲ್ಲ. ದಕ್ಷಿಣ ಕೊರಿಯಾ 2005ರಲ್ಲೇ ಆಹಾರ ತ್ಯಾಜ್ಯವನ್ನು ಭೂಭರ್ತಿಗೆ ಹಾಕುವುದನ್ನು ನಿಷೇಧಿಸಿತು, ಆಮೇಲೆ ತೂಕದ ಮೇಲೆ ಶುಲ್ಕ ಹಾಕಿ ಜಗತ್ತಿಗೇ ಮಾದರಿ ಎನಿಸಿತು. ಆದರೆ ಅದರಿಂದ ಬಸಿದ ನೀರನ್ನು 2013ರಲ್ಲಿ ನಿಷೇಧ ಬರುವವರೆಗೆ ಸಮುದ್ರಕ್ಕೆ ಸುರಿಯುತ್ತಿದ್ದರು. ನಿಮ್ಮ ಪ್ರಸ್ತಾವದಲ್ಲಿ ಸ್ಲರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ‘ರೈತರಿಗೆ’ ಎಂಬ ಉತ್ತರ ಬಂದರೆ ಯಾವ ಊರಿನ ರೈತರು, ಎಷ್ಟು ಎಕರೆ, ಯಾರ ಟ್ಯಾಂಕರು ಎಂದು ಮುಂದುವರಿಸಿ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗಬೇಕು? ಮೊದಲನೆಯದು ಗಾಡಿಗೆ ಮತ್ತು ಗಾಡಿಯ ಜೊತೆ ಬರುವ ಮನುಷ್ಯರಿಗೆ. ಟಿಪ್ಪರಿನ ಮಧ್ಯೆ ತಗಡಿನ ಗೋಡೆ ಕಟ್ಟಿಸಿ ಹಸಿ, ಒಣ ಎಂದು ಎರಡು ಭಾಗ ಮಾಡುವುದಕ್ಕೆ ಆಗುವ ಖರ್ಚು ಘಟಕದ ಬೆಲೆಯ ಮುಂದೆ ಏನೂ ಅಲ್ಲ. ಮನೆಯಲ್ಲಿ ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲಿ ಒಂದೇ ಕಡೆ ಸುರಿಯುವುದನ್ನು ಒಮ್ಮೆ ಕಣ್ಣಾರೆ ಕಂಡ ಹೆಣ್ಣುಮಕ್ಕಳು ಮಾರನೆಯ ದಿನದಿಂದ ಬೇರೆ ಮಾಡುವುದನ್ನೇ ಬಿಡುತ್ತಾರೆ, ಅದು ನ್ಯಾಯವೇ. ಪ್ರತಿ ಗಾಡಿಗೆ ಸ್ವಸಹಾಯ ಸಂಘದ ಒಬ್ಬ ಮಹಿಳೆಯನ್ನು ಒಂದು ವರ್ಷ ಜೊತೆ ಕಳಿಸಿ. ಬುಟ್ಟಿ ನೋಡಿ, ಬೆರೆಸಿದ್ದರೆ ವಾಪಸ್ ಕೊಟ್ಟು, ಹೇಗೆ ಎಂದು ಹೇಳಿ ಬರುವುದಷ್ಟೇ ಅವರ ಕೆಲಸ. ಗೋಡೆ ಬರಹ, ಜಾಥಾ, ಬ್ಯಾನರುಗಳಿಗೆ ಹಾಕುವ ದುಡ್ಡನ್ನೆಲ್ಲ ಈ ಸಂಬಳಕ್ಕೆ ಹಾಕಿದರೂ ನನ್ನ ಪ್ರಕಾರ ತಪ್ಪಿಲ್ಲ.

ಇಂದೋರಿನ ಹೆಸರು ಸಭೆಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎತ್ತಲಿ. 2022ರ ಫೆಬ್ರುವರಿಯಲ್ಲಿ ಪ್ರಧಾನಿ ಉದ್ಘಾಟಿಸಿದ ಅಲ್ಲಿನ ಘಟಕದ ಸಾಮರ್ಥ್ಯ ದಿನಕ್ಕೆ 550 ಟನ್ ಹಸಿ ಕಸ. ಅದರಿಂದ ಸುಮಾರು 17 ಸಾವಿರ ಕೆ.ಜಿ. ಜೈವಿಕ ಸಿಎನ್‌ಜಿ, 100 ಟನ್ ಗೊಬ್ಬರ ತೆಗೆಯುವುದು ವಿನ್ಯಾಸದ ಲೆಕ್ಕ. ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿದ್ದು, ಕಂಪನಿಯೇ ಪಾಲಿಕೆಗೆ ವರ್ಷಕ್ಕೆ 2.5 ಕೋಟಿ ರೂಪಾಯಿ ಕೊಡುವ ಒಪ್ಪಂದ. ಗ್ಯಾಸಿನ ಒಂದು ಭಾಗವನ್ನು ನಗರದ ಬಸ್ಸುಗಳಿಗೆ ಪಾಲಿಕೆ ಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ, ಕೆಲಸವೂ ದೊಡ್ಡದು. ಆದರೆ ಇಂದೋರ್ ಮನೆಮನೆಯಿಂದ ಬೇರೆ ಮಾಡಿದ ಕಸ ಎತ್ತುವುದನ್ನು ಗಟ್ಟಿ ಮಾಡಿಕೊಂಡು, ಬೀದಿಯ ಕಸದ ತೊಟ್ಟಿಗಳನ್ನು ತೆಗೆಸಿ, 2017ರಲ್ಲಿ ದೇಶದ ಸ್ವಚ್ಛ ನಗರ ಎನಿಸಿಕೊಂಡ ಮೇಲೆ ಐದು ವರ್ಷಕ್ಕೆ ಈ ಘಟಕ ಬಂದದ್ದು. ಘಟಕಕ್ಕೆ ಬೀಳುವುದು ಶುದ್ಧ ಹಸಿ ಕಸ ಎಂಬ ಭರವಸೆ ಇಲ್ಲದಿದ್ದರೆ ಯಾವ ಖಾಸಗಿಯವನೂ ತನ್ನ ದುಡ್ಡು ಹಾಕುತ್ತಿರಲಿಲ್ಲ. ನಿಮಗೆ ಬಂದಿರುವ ಪ್ರಸ್ತಾವದಲ್ಲಿ ಕಂಪನಿ ತನ್ನ ದುಡ್ಡು ಎಷ್ಟು ಹಾಕುತ್ತಿದೆ? ಏನೂ ಹಾಕುತ್ತಿಲ್ಲ ಎಂದಾದರೆ, ಗ್ಯಾಸಿನ ಲಾಭದ ಮಾತನ್ನು ಅವರೇ ನಂಬಿಲ್ಲ.

ಇಂದೋರಿಗಿಂತ ನಿಮಗೆ ಹತ್ತಿರದ ಉದಾಹರಣೆ ಕೇರಳದ ಆಲಪ್ಪುಳ, ಅದೂ ನಿಮ್ಮ ಊರಿಗಿಂತ ದೊಡ್ಡದೇ. ಅಲ್ಲಿಯೂ ಯಾರ್ಡಿನ ಪಕ್ಕದ ಹಳ್ಳಿಯವರು ಗಾಡಿ ತಡೆದ ಮೇಲೆಯೇ, 2012ರಿಂದ, ನಗರಸಭೆ ದಾರಿ ಬದಲಿಸಿದ್ದು. ದೊಡ್ಡ ಘಟಕದ ಹಿಂದೆ ಹೋಗದೆ ಮನೆಗಳಿಗೆ ಪೈಪ್ ಕಾಂಪೋಸ್ಟ್, ಸಣ್ಣ ಬಯೋಗ್ಯಾಸ್ ಡ್ರಮ್ಮುಗಳಿಗೆ ಸಬ್ಸಿಡಿ ಕೊಟ್ಟರು. ಜಾಗ ಇಲ್ಲದವರಿಗೆ ವಾರ್ಡಿನಲ್ಲಿ ಗಾಳಿಯಾಡುವ ಪೆಟ್ಟಿಗೆಗಳನ್ನು ಇಟ್ಟರು. ನಾಲ್ಕು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ, ಸುತ್ತ ಸಂದು ಬಿಟ್ಟ ಗೋಡೆ. ಕೆಳಗೆ ಒಂದು ಪದರ ಸಗಣಿ, ಮೇಲೆ ತರಗೆಲೆ, ಮೇಲೆ ಹಸಿ ಕಸ, ಮತ್ತೆ ಸಗಣಿ. ತುಂಬಿದ ಮೇಲೆ ಸುಮಾರು ಮೂರು ತಿಂಗಳಿಗೆ ಗೊಬ್ಬರ. ಯಂತ್ರವಿಲ್ಲ, ಕರೆಂಟಿಲ್ಲ. ಯಾರೋ ಒಬ್ಬರು ಪ್ರತಿದಿನ ನಿಂತು ಎಲೆ ಮುಚ್ಚಬೇಕು, ಅಷ್ಟೇ. ಆ ಒಬ್ಬರ ಸಂಬಳ ನಿಂತ ವಾರ್ಡಿನಲ್ಲಿ ಪೆಟ್ಟಿಗೆಯೂ ನಾರುತ್ತದೆ.

ನಿಮ್ಮ ಊರಿಗೆ ನಾನು ಹೇಳುವುದು ಹೀಗೆ. ಮನೆಗಳ ಹಸಿ ಕಸಕ್ಕೆ ಕಾಂಪೋಸ್ಟ್ ಶೆಡ್. ಸಾಲು ರಾಶಿಯ ಪದ್ಧತಿ ಸಾಕು: ಮೇಲೆ ಮಳೆ ಬೀಳದ ಛಾವಣಿ, ಕೆಳಗೆ ಇಳಿಜಾರು ಕಾಂಕ್ರೀಟ್ ನೆಲ, ರಸ ಹಿಡಿಯುವ ಕಾಲುವೆ ಮತ್ತು ತೊಟ್ಟಿ, ಒಂದು ಜರಡಿ ಯಂತ್ರ. ಮಲೆನಾಡಿನ ಕಡೆಯವರಾದರೆ ಛಾವಣಿಯ ಮೇಲೆ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ. ಆಹಾರ ತ್ಯಾಜ್ಯದಲ್ಲಿ ಮುಕ್ಕಾಲು ಪಾಲು ನೀರು, ಅದೊಂದನ್ನೇ ರಾಶಿ ಹಾಕಿದರೆ ಕೊಳೆತು ನಾರುತ್ತದೆ. ಒಣ ಪದಾರ್ಥ ಬೆರೆತರೆ ಗಾಳಿಯಾಡಿ, ಒಳಗೆ 55ರಿಂದ 65 ಡಿಗ್ರಿ ಬಿಸಿ ಏರಿ, ರೋಗಾಣು, ಕಳೆ ಬೀಜ ಸಾಯುತ್ತವೆ. ಇಂಗಾಲ, ಸಾರಜನಕದ ಪ್ರಮಾಣ 25–30ಕ್ಕೆ 1 ಇರಬೇಕು ಎನ್ನುವುದರ ಸರಳ ಅರ್ಥ ಇಷ್ಟೇ. ಒಣ ಪದಾರ್ಥ ಎಲ್ಲಿಂದ ಎಂದರೆ, ನಿಮ್ಮ ಪೌರಕಾರ್ಮಿಕರು ಬೆಳಿಗ್ಗೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕುವ ತರಗೆಲೆ. ಆ ಬೆಂಕಿ ನಿಲ್ಲಿಸಿ, ಎಲೆಯನ್ನು ಚೀಲದಲ್ಲಿ ತುಂಬಿ ಶೆಡ್ಡಿನಲ್ಲಿ ಕೂಡಿಡಿ. ಮಾಗಿ ಕಾಲದಲ್ಲಿ ಉದುರಿದ ಎಲೆ ಮಳೆಗಾಲದ ಹಸಿ ಕಸಕ್ಕೆ ಬೇಕಾಗುತ್ತದೆ. ಸುತ್ತ ಕಬ್ಬಿದ್ದರೆ ರವದಿ, ಶೇಂಗಾ ಇದ್ದರೆ ಹೊಟ್ಟು. ಅಡಿಕೆ ಸಿಪ್ಪೆಯೂ ಆಗುತ್ತದೆ, ಕೊಳೆಯಲು ನಿಧಾನ.

ಗೊಬ್ಬರ ಹೋಗುತ್ತದೆಯೇ ಎಂದು ಕೇಳುತ್ತೀರಿ. ಚೆನ್ನಾಗಿ ಜರಡಿ ಹಿಡಿದರೆ ಹೋಗುತ್ತದೆ. ರೈತರು ಊರ ಗೊಬ್ಬರಕ್ಕೆ ಹೆದರುವುದು ಗಾಜಿನ ಚೂರಿಗೆ, ಪ್ಲಾಸ್ಟಿಕ್ಕಿಗೆ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರ ಭಯ ಅದು, ಭಾಷಣದಿಂದ ಹೋಗುವುದಿಲ್ಲ. 4 ಮಿಲಿಮೀಟರ್ ಜರಡಿ ದಾಟಿದ ಗೊಬ್ಬರವನ್ನು ಮೊದಲ ವರ್ಷ ಪಕ್ಕದ ಹಳ್ಳಿಯವರಿಗೆ, ಅಂದರೆ ಗಾಡಿ ತಡೆದವರಿಗೇ, ಪುಕ್ಕಟೆ ಕೊಡಿ. ಬೆಂಗಳೂರಿನಲ್ಲಿ 1975ರಲ್ಲೇ ಶುರುವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಇದೆ. ಕೂಡ್ಲು ಹತ್ತಿರದ ಅದರ ಘಟಕದ ಸುತ್ತ ನಗರ ಬೆಳೆದು, ಕೊನೆಗೆ ವಾಸನೆಯ ವಿರುದ್ಧ ನಿವಾಸಿಗಳೇ ಬೀದಿಗಿಳಿದರು. ನಿಮ್ಮ ಶೆಡ್ಡಿನ ಸುತ್ತ ಲೇಔಟ್ ಮಂಜೂರು ಮಾಡದಂತೆ ಈಗಲೇ ಒಂದು ಠರಾವು ಹಾಕಿಸಿಕೊಳ್ಳಿ.

ಗ್ಯಾಸ್ ಘಟಕ ಬೇಡವೇ ಬೇಡ ಎಂದಲ್ಲ. ಹೋಟೆಲು, ಹಾಸ್ಟೆಲು, ತರಕಾರಿ ಮಾರುಕಟ್ಟೆಯ ಕಸ ಬೇರೆಯೇ ಜಾತಿ. ಅದು ಮೃದು, ಶುದ್ಧ, ಒಂದೇ ಕಡೆ ಸಿಗುತ್ತದೆ. ಅದಕ್ಕೊಂದು ಬೇರೆ ಗಾಡಿ, ಬೇರೆ ಸಮಯ ಗೊತ್ತು ಮಾಡಿ, ಆರು ತಿಂಗಳು ತೂಕ ಬರೆಸಿ. ದಿನಕ್ಕೆ ಅರ್ಧ ಟನ್ ಖಚಿತವಾಗಿ ಬರುತ್ತದೆ ಎಂದಾದರೆ ಅಷ್ಟಕ್ಕೆ ಮಾತ್ರ ಒಂದು ಸಣ್ಣ ಘಟಕವನ್ನು ಹಾಸ್ಟೆಲ್ ಅಥವಾ ಇಂದಿರಾ ಕ್ಯಾಂಟೀನಿನ ಹಿತ್ತಿಲಲ್ಲಿ ಹಾಕಿ, ಗ್ಯಾಸು ಪೈಪಿನಲ್ಲಿ ನೇರ ಒಲೆಗೆ ಹೋಗಲಿ. ಅಡುಗೆಯವರಿಗೆ ಗ್ಯಾಸು ಬೇಕು, ಹಾಗಾಗಿ ಘಟಕ ನಿಂತ ದಿನವೇ ಗಲಾಟೆ ಮಾಡುತ್ತಾರೆ. ಅಂಥ ಗಲಾಟೆ ಮಾಡುವವರು ಇಲ್ಲದ ಕಡೆ ಘಟಕ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಕಲ್ಯಾಣ ಮಂಟಪಗಳನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಲಗ್ನದ ಮುಹೂರ್ತಗಳು ಒತ್ತಾಗಿ ಬಂದ ವಾರದಲ್ಲಿ ಎಂಜಲೆಲೆ, ಉಳಿದ ಅನ್ನ, ಪಾಯಸ ರಾಶಿ ರಾಶಿ ಬರುತ್ತದೆ. ಆಷಾಢ ಬಂತೆಂದರೆ ಏನೂ ಇಲ್ಲ. ಡೈಜೆಸ್ಟರಿನೊಳಗೆ ಎರಡು ಬಗೆಯ ಜೀವಿಗಳಿವೆ, ಒಂದು ಆಮ್ಲ ಮಾಡುತ್ತದೆ, ಇನ್ನೊಂದು ಆ ಆಮ್ಲವನ್ನು ತಿಂದು ಮೀಥೇನ್ ಬಿಡುತ್ತದೆ. ಎರಡನೆಯವು ನಿಧಾನದವು. ಒಮ್ಮೆಲೇ ಸಿಹಿ, ಅನ್ನ ಸುರಿದರೆ ಆಮ್ಲ ಏರಿ ಇಡೀ ಟ್ಯಾಂಕು ಹುಳಿಯುತ್ತದೆ, ಗ್ಯಾಸು ನಿಲ್ಲುತ್ತದೆ. ಆಮೇಲೆ ಕಸ ಹಾಕುವುದನ್ನು ನಿಲ್ಲಿಸಿ, ಸುಣ್ಣ ಕದಡಿ ಹಾಕಿ, ಹೊಸದಾಗಿ ಸಗಣಿ ಬಗ್ಗಡ ಬಿಟ್ಟು ವಾರಗಟ್ಟಲೆ ಕಾಯಬೇಕು. ಬಾಳೆ ಎಲೆಯ ನಾರು ಬೇರೆ ಪಂಪಿಗೆ ಶತ್ರು. ಮಂಟಪದ ಎಲೆಗಳು ಕಾಂಪೋಸ್ಟ್ ಶೆಡ್ಡಿಗೇ ಹೋಗಲಿ. ದಿನಕ್ಕೆ 100 ಕೆ.ಜಿ. ಮೀರಿ ಕಸ ಮಾಡುವವರ ಜವಾಬ್ದಾರಿಯನ್ನು 2016ರ ಘನತ್ಯಾಜ್ಯ ನಿಯಮಗಳೇ ಬೇರೆಯಾಗಿ ಗುರುತಿಸಿದ್ದವು, ಮಂಟಪದವರಿಂದ ಮದುವೆಗಿಷ್ಟು ಎಂದು ಶುಲ್ಕ ತೆಗೆದುಕೊಳ್ಳಲು ಸಂಕೋಚ ಬೇಡ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಗಳಿಗೂ ಕಟ್ಟಡದ ವಿಸ್ತೀರ್ಣದ ಮೇಲೆ ಕಸದ ಶುಲ್ಕ ಬಂದಿದೆ. ನಿಮ್ಮ ಊರಲ್ಲಿ ಮನೆಗಳಿಗೆ ಕೈ ಹಾಕುವ ಮೊದಲು ಮಂಟಪ, ಹೋಟೆಲುಗಳಿಂದ ಶುರು ಮಾಡುವುದು ರಾಜಕೀಯವಾಗಿಯೂ ಸುಲಭ.

‘24 ಗಂಟೆಯಲ್ಲಿ ಗೊಬ್ಬರ’ ಮಾಡುವ ಪೆಟ್ಟಿಗೆ ಯಂತ್ರಗಳನ್ನೂ ಯಾರಾದರೂ ತೋರಿಸುತ್ತಾರೆ. ಅದು ಕಸವನ್ನು ಹುರಿದು ಒಣಗಿಸುತ್ತದೆ, ಗೊಬ್ಬರ ಮಾಡುವುದಿಲ್ಲ. ಹೊರಗೆ ಬಂದ ಪುಡಿಗೆ ನೀರು ಚಿಮುಕಿಸಿ ಎರಡು ದಿನ ಇಟ್ಟು ಮೂಸಿ ನೋಡಿ, ಗೊತ್ತಾಗುತ್ತದೆ. ಕರೆಂಟ್ ಬಿಲ್ಲು ಬೇರೆ.

ಕೊನೆಗೆ ಅನುದಾನದ ಹೆದರಿಕೆ. 2021ರ ಅಕ್ಟೋಬರಿನಲ್ಲಿ ಶುರುವಾದ ಸ್ವಚ್ಛ ಭಾರತ ನಗರ ಮಿಷನ್ನಿನ ಎರಡನೇ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಘಟಕಗಳಿಗೆ ವೆಚ್ಚದ ಅರ್ಧದವರೆಗೆ ಕೇಂದ್ರದ ಪಾಲು ಇಟ್ಟರು. ಅದು ಕಟ್ಟುವುದಕ್ಕೆ, ನಡೆಸುವುದಕ್ಕಲ್ಲ. ನಡೆಸುವ ದುಡ್ಡು ನಿಮ್ಮ ಸ್ವಂತ ನಿಧಿಯಿಂದಲೇ ಹೋಗಬೇಕು. ಇದೇ ಕಾರಣಕ್ಕೆ ಕಟ್ಟಡಗಳು ಏಳುತ್ತವೆ, ಒಳಗೆ ಕೆಲಸ ನಡೆಯುವುದಿಲ್ಲ. ಕಾಂಪೋಸ್ಟ್ ಶೆಡ್ಡು, ಜರಡಿ ಯಂತ್ರ, ತೂಕದ ಯಂತ್ರವೂ ಹಸಿ ಕಸ ಸಂಸ್ಕರಣೆಯೇ. ಹಾಗಾಗಿ ಪ್ರಸ್ತಾವ ತಿರಸ್ಕರಿಸಿ ಎಂದು ನಾನು ಹೇಳುವುದಿಲ್ಲ, ತಿದ್ದುಪಡಿ ಮಂಡಿಸಿ. ಅದೇ ಲೆಕ್ಕ ಶೀರ್ಷಿಕೆಯಲ್ಲಿ ಡಿಪಿಆರ್ ಪರಿಷ್ಕರಿಸಿ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಕಳಿಸಲು ಎಷ್ಟು ದಿನ ಬೇಕು ಎಂದು ಮುಖ್ಯಾಧಿಕಾರಿಯವರನ್ನು ಸಭೆಯಲ್ಲೇ ಕೇಳಿ, ಉತ್ತರ ನಡಾವಳಿಯಲ್ಲಿ ಬರೆಸಿ.

ಒಂದು ವೇಳೆ ಬಹುಮತ 5 ಟನ್ ಘಟಕದ ಕಡೆಗೇ ಹೋದರೆ, ಟೆಂಡರಿನಲ್ಲಿ ಕೆಲವು ಷರತ್ತುಗಳಿಗಾದರೂ ಪಟ್ಟು ಹಿಡಿಯಿರಿ. ಕಟ್ಟಿದವರೇ ಐದು ವರ್ಷ ನಡೆಸಬೇಕು. ಬಿಲ್ಲು ಯಂತ್ರ ತಂದಿಳಿಸಿದ್ದಕ್ಕಲ್ಲ, ಸಂಸ್ಕರಿಸಿದ ಟನ್ನಿಗೆ ಇಷ್ಟು ಎಂದು, ತೂಕದ ಪುಸ್ತಕ ಮತ್ತು ಗ್ಯಾಸ್ ಮೀಟರ್ ಎರಡನ್ನೂ ತಾಳೆ ನೋಡಿ ಕೊಡಬೇಕು. ಬೆರಕೆ ಕಸ ಶೇಕಡ ಎಷ್ಟು ಮೀರಿದರೆ ತಿರಸ್ಕರಿಸಬಹುದು ಎಂಬುದನ್ನು ಮೊದಲೇ ಬರೆದಿರಬೇಕು, ಇಲ್ಲದಿದ್ದರೆ ಪ್ರತಿ ತಿಂಗಳು ಆ ಜಗಳವೇ. ಸ್ಲರಿಯ ಜವಾಬ್ದಾರಿ ಅವರದ್ದೇ ಆಗಿರಬೇಕು. ಮತ್ತು ಒಪ್ಪಂದಕ್ಕೆ ಮೊದಲು ಇದೇ ಕಂಪನಿ ಮೂರು ವರ್ಷದ ಹಿಂದೆ ಕಟ್ಟಿದ ಘಟಕವೊಂದರ ವಿಳಾಸ ಕೇಳಿ. ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತು ಹೋಗಿ. ಅಲ್ಲಿನ ಮ್ಯಾನೇಜರನ್ನು ಮಾತಾಡಿಸುವುದಕ್ಕಿಂತ ಕರೆಂಟ್ ಬಿಲ್ಲಿನ ಕಡತ ಕೇಳುವುದು ಲೇಸು. ಓಡುವ ಘಟಕದ ಕ್ರಷರು ಯೂನಿಟ್ ತಿನ್ನುತ್ತದೆ. ಬಿಲ್ಲಿನಲ್ಲಿ ತಿಂಗಳುಗಟ್ಟಲೆ ಬರೀ ಕನಿಷ್ಠ ಶುಲ್ಕವೇ ಕಂಡರೆ ನಿಮ್ಮ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಂತೆ.